ಸೊಸೆಯ ಹಾಲಿನ ಮೇಲೆ ಬಂದ ದೂರು

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನನ್ನ ಮೊಮ್ಮಗಳು ಅಳುವುದಕ್ಕೆ ಶುರುಮಾಡುತ್ತಿದ್ದಳು. ಹಗಲೆಲ್ಲ ಒಳ್ಳೆಯ ಮಗು. ಹಾಲು ಕುಡಿದು, ನಿದ್ದೆ ಮಾಡಿ, ಎದ್ದರೆ ಫ್ಯಾನಿನ ರೆಕ್ಕೆ ನೋಡಿಕೊಂಡು ತೆಪ್ಪಗೆ ಮಲಗಿರುವಳು. ಹೊರಗೆ ನೂರಡಿ ರಸ್ತೆಯಲ್ಲಿ ಆಫೀಸು ಬಿಟ್ಟವರ ಹಾರನ್ನು ಜೋರಾಗುತ್ತಿದ್ದ ಹಾಗೆ ಒಳಗೆ ಇವಳ ಮುಖ ಕೆಂಪೇರುತ್ತಿತ್ತು. ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮುಷ್ಟಿ ಬಿಗಿದು, ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳು. ಎತ್ತಿಕೊಂಡರೂ ಅಷ್ಟೇ, ತೊಟ್ಟಿಲಲ್ಲಿ ತೂಗಿದರೂ ಅಷ್ಟೇ. ಊಟದ ಹೊತ್ತಾಗುತ್ತಿದ್ದ ಹಾಗೆ ಯಾರೋ ಸ್ವಿಚ್ಚು ಆರಿಸಿದಂತೆ ನಿಂತುಹೋಗುತ್ತಿತ್ತು.

ಅಳು ಮಗುವಿನದು, ಬೈಗುಳ ತಾಯಿಗೆ. ನನಗೆ ಕೋಪ ಬಂದದ್ದು ಅಲ್ಲಿ. ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟವನು ನನ್ನ ಮಗನೇ. ಇದನ್ನು ಓದಿದ ಮೇಲೆ ಯಾಕಾದರೂ ಕಲಿಸಿದೆನೋ ಅಂತ ಅವನಿಗೆ ಅನ್ನಿಸಬಹುದು. ಅನ್ನಿಸಲಿ.

ನಾವು ಬಿನ್ನಮಂಗಲದವರು. ಇಂದಿರಾನಗರ ಅನ್ನುವ ಹೆಸರು ಹುಟ್ಟುವುದಕ್ಕೆ ಮೊದಲು ನಮ್ಮ ಮಾವನವರು ಇಲ್ಲಿ ಸೊಪ್ಪು, ಹುರುಳಿಕಾಯಿ ಬೆಳೆದು ಹಲಸೂರಿನ ಸಂತೆಗೆ ಹೊರುತ್ತಿದ್ದರಂತೆ. ಹೊಲ ಹೋಯಿತು, ಮನೆ ಉಳಿಯಿತು. ಒಂದೇ ಅಂಗಳಕ್ಕೆ ಎರಡು ಬಾಗಿಲು. ಒಂದು ನಮ್ಮದು, ಎದುರಿನದು ನನ್ನ ಓರಗಿತ್ತಿಯದು. ನನಗಿಂತ ದೊಡ್ಡವಳು, ನಾನು ಮದುವೆಯಾಗಿ ಬಂದ ದಿನದಿಂದ ಅವಳನ್ನು ಅಕ್ಕ ಅನ್ನುತ್ತೇನೆ. ಕೋಪ ಬಂದಾಗ ಮಾತ್ರ ‘ನೀವು’ ಅನ್ನುತ್ತೇನೆ. ಅವಳಿಗೆ ಅದು ಗೊತ್ತು.

ಮಹಡಿಯ ಮೇಲಿನ ರೂಮುಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗಂಡಹೆಂಡತಿ ಒಂದರಲ್ಲಿ ಇದ್ದರು. ಅವರ ಮಗಳೇ ಈಗ ನನ್ನ ಸೊಸೆ. ನೀರಿನ ಟ್ಯಾಂಕು ತುಂಬಿತೋ ಇಲ್ಲವೋ ನೋಡಿ ಬರುತ್ತೇನೆ ಅಂತ ನನ್ನ ಮಗ ಮೆಟ್ಟಿಲು ಹತ್ತಿ ಇಳಿದು, ಒಂದು ದಿನ ಮದುವೆಯ ಮಾತೆತ್ತಿದ. ಟ್ಯಾಂಕಿನ ಮೇಲೆ ಅಷ್ಟೊಂದು ಕಾಳಜಿ ಇದ್ದವನು ಶಿವಾಜಿನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಯಾಕೆ ಇಟ್ಟನೋ. ಹುಡುಗಿ ಒಳ್ಳೆಯವಳು, ನಾನು ಒಪ್ಪಿದೆ. ಅಕ್ಕ ಒಪ್ಪಲಿಲ್ಲ, ಆದರೆ ಮದುವೆಯ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತಳು.

ಹೆರಿಗೆಯ ಹೊತ್ತಿಗೆ ಸೊಸೆಯ ಅಪ್ಪ ಸೊಂಟ ಉಳುಕಿಸಿಕೊಂಡು ಊರು ಸೇರಿದ್ದರು. ಅವಳ ಅಮ್ಮ ಬಂದು ಮಗುವಿನ ಮುಖ ನೋಡಿ, ಗಂಡನ ಆರೈಕೆಗೆ ತಿರುಗಿ ಹೋಗಬೇಕಾಯಿತು. ಹೀಗಾಗಿ ಬಾಣಂತನ ನಮ್ಮ ಮನೆಯಲ್ಲೇ. ತವರು ಹತ್ತಿರವಿಲ್ಲದ ಹುಡುಗಿ ಅಂದರೆ ಅಕ್ಕನ ಬಾಯಿಗೆ ಅಡ್ಡಿ ಯಾರು.

“ಬಿಸ್ಲು ಸೀಮೆ ಮೈಯಿ ಕಣೇ ಇವಳ್ದು,” ಅಂದಳು ಅಕ್ಕ, ಮೊದಲ ಸಂಜೆಯ ಅಳು ಕೇಳಿ ಅಂಗಳ ದಾಟಿ ಬಂದವಳು. “ಹಾಲು ಉಷ್ಣ ಐತೆ. ಮಗೂಗೆ ಹೊಟ್ಟೆ ಉರೀತೈತೆ, ಇನ್ನೇನ್ ಮಾಡ್ತದೆ ಪಾಪ.”

ಉಷ್ಣ ಅಂದ ಮೇಲೆ ಸೊಸೆಯ ತಟ್ಟೆಯ ಮೇಲೆ ಅಕ್ಕನ ಕಣ್ಣು ಬಿತ್ತು. ಒಂದು ಸಂಜೆಯ ಅಳುವಿಗೆ ಜೋಳದ ರೊಟ್ಟಿ ನಿಂತಿತು. ಮಾರನೆಯ ಸಂಜೆಯ ಅಳುವಿಗೆ ತೊಗರಿಬೇಳೆ ಹೋಯಿತು, ವಾಯು ಅಂತ. ಸೊಪ್ಪು ಹೋಯಿತು, ಥಂಡಿ ಅಂತ. ಶೇಂಗಾ ಹೋಯಿತು, ಯಾಕೆ ಅಂತ ಯಾರಿಗೂ ನೆನಪಿಲ್ಲ. ಕೊನೆಗೆ ಉಳಿದದ್ದು ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ನೀರನ್ನೂ ಲೆಕ್ಕ ಹಾಕಿ ಕೊಡುತ್ತಿದ್ದರು. ಹಾಲೂಡುವ ಹೆಂಗಸು ಹಸಿದು ಕೂತಿದ್ದರೆ ಮಗು ಸುಮ್ಮನಾಗುತ್ತದೆ ಅನ್ನುವುದು ಯಾವ ದೇವರು ಹೇಳಿದ ಮಾತೋ. ನಾನು ಕದ್ದು ಬೇಳೆ ಬಡಿಸಿದರೆ ಸಂಜೆಯ ಅಳುವಿಗೆ ಅದೇ ಸಾಕ್ಷಿಯಾಗುತ್ತಿತ್ತು. ಬಡಿಸದಿದ್ದ ದಿನವೂ ಮಗು ಅಷ್ಟೇ ಅಳುತ್ತಿತ್ತಲ್ಲ, ಅದನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಒಂದು ದಿನ ಮಗ ಅಂಗಡಿಯಿಂದ ಬರುವಾಗ ಡಬ್ಬಿ ಹಾಲಿನ ಪುಡಿ ತಂದ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟ.

“ಇದ್ಯಾಕೋ?” ಅಂದೆ.

“ಇರ್ಲಿ ಅಮ್ಮ. ದೊಡ್ಡಮ್ಮ ಹೇಳಿದ್ರು. ಹಾಲು ಸರಿಹೋಗ್ದಿದ್ರೆ ಇದಕ್ಕೆ ಹಾಕಿದ್ರಾಯ್ತು.”

“ನಿನ್ನನ್ನ ಹಾಕಿದ್ನಾ ನಾನು ಡಬ್ಬಿಗೆ?”

“ಆಗಿನ ಕಾಲ ಬೇರೆ ಅಮ್ಮ.”

ಬಾಣಂತಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಎಲ್ಲವೂ ಅವಳಿಗೆ ಕೇಳಿಸಿತ್ತು. ನಾನು ಒಳಗೆ ಹೋದಾಗ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆ ನೋಡುತ್ತಿದ್ದಳು. “ಅತ್ತಿ,” ಅಂದಳು, “ನನ್ನ ಹಾಲಾಗ ಏನರ ವಿಷ ಐತೇನ್ರಿ? ಇದ್ರ ಹೇಳಿಬಿಡ್ರಿ. ನಾನ ನಿಲ್ಲಸ್ತೀನಿ.”

ಡಬ್ಬಿ ಹಾಲು ಕುಡಿದು ಬೆಳೆದ ಮಕ್ಕಳು ಎಷ್ಟೋ ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಹಾಲು ಸಾಲದವರಿಗೆ ಅದು ಬೇಕು. ಆದರೆ ಎದೆ ತುಂಬ ಹಾಲಿರುವ ಹುಡುಗಿಗೆ ನಿನ್ನದು ಕೆಟ್ಟದ್ದು ಅಂತ ಹೇಳಿ ಡಬ್ಬಿ ತೋರಿಸುವುದು ಬೇರೆ. ಆ ಡಬ್ಬಿ ತೆರೆದ ದಿನದಿಂದ ಇವಳು ಜೀವಮಾನವಿಡೀ ತನ್ನ ಮಗುವಿಗೆ ತಾನೇ ನೋವು ಕೊಟ್ಟೆ ಅಂತ ನಂಬಿಕೊಂಡಿರುತ್ತಾಳೆ. ನನ್ನ ಮೈಯೆಲ್ಲ ಉರಿಯಿತು. ಉಷ್ಣ ಅಂದರೆ ಅದು.

ಬೆಳಿಗ್ಗೆ ಯಾರನ್ನೂ ಕೇಳದೆ ಆಟೋ ಹಿಡಿದೆ. ತಾಯಿ ಮಗು ಇಬ್ಬರನ್ನೂ ಕೂರಿಸಿಕೊಂಡು ಪುಲಿಕೇಶಿನಗರಕ್ಕೆ ಹೋದೆ. ಅಲ್ಲಿ ಒಂದು ಹಳೆಯ ಹೆಂಚಿನ ಮನೆಯ ಮುಂಭಾಗದಲ್ಲಿ ಮಕ್ಕಳ ಡಾಕ್ಟರಮ್ಮ ಕೂರುತ್ತಾರೆ. ತಮಿಳರು, ನನ್ನ ವಯಸ್ಸಿನವರೇ. ಮಗುವನ್ನು ಬಟ್ಟೆ ಬಿಚ್ಚಿ ಮಲಗಿಸಿ, ಹೊಟ್ಟೆ ಒತ್ತಿ, ತೂಕ ಹಾಕಿ, ವಾಂತಿ ಇದೆಯಾ, ಜ್ವರ ಬಂದಿತ್ತಾ, ಮಲದಲ್ಲಿ ರಕ್ತ ಕಂಡಿತಾ ಅಂತ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ.

“ಕೊಳಂದೆ ಚೆನ್ನಾಗಿದೆ ಅಮ್ಮಾ. ತೂಕ ಏರ್ತಾ ಇದೆ. ಇದಕ್ಕೆ ಕಾಲಿಕ್ ಅಂತೀವಿ. ಯಾಕೆ ಬರತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ.”

“ಹಾಲಿಂದ ಅಲ್ವಾ?”

“ಯಾರು ಹೇಳಿದ್ದು?”

“ಮನೆ ಪೂರ್ತಿ ಡಾಕ್ಟ್ರುಗಳೇ ಇದಾರೆ ನಮ್ಮಲ್ಲಿ,” ಅಂದೆ.

ಅವರು ನಗಲಿಲ್ಲ. ಸೊಸೆಯ ಕಡೆ ತಿರುಗಿ, ಹಾಲು ನಿಲ್ಲಿಸಬೇಡ, ಇದು ನಿನ್ನಿಂದ ಆದದ್ದಲ್ಲ ಅಂತ ನಿಧಾನವಾಗಿ ಹೇಳಿದರು. ಸೊಸೆ ತಲೆ ಬಗ್ಗಿಸಿಕೊಂಡು ಮಗುವಿನ ಅಂಗಿಯ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

“ಪ್ರೋಬಯಾಟಿಕ್ ಡ್ರಾಪ್ಸ್ ಬರ್ಕೊಡ್ತೀನಿ,” ಅಂದರು ಡಾಕ್ಟರಮ್ಮ. “ಒಳ್ಳೇ ಜಾತಿ ಕ್ರಿಮಿ ಅದು, ಜೀವ ಇರೋದು. ತಾಯಿಹಾಲು ಕುಡಿಯೋ ಮಕ್ಕಳಲ್ಲಿ ಕೆಲವಕ್ಕೆ ಅಳು ಕಡಿಮೆ ಆಗತ್ತೆ. ಕೆಲವಕ್ಕೆ ಏನೂ ಆಗಲ್ಲ. ಡಬ್ಬಿ ಹಾಲು ಕುಡಿಯೋ ಮಕ್ಕಳಿಗೆ ಕೆಲಸ ಮಾಡತ್ತೆ ಅಂತ ನಾನು ಹೇಳಲ್ಲ, ಅಷ್ಟು ಗ್ಯಾರಂಟಿ ಇಲ್ಲ.”

“ಆಗ್ಲೂಬೋದು ಆಗ್ದೇನೂ ಇರ್ಬೋದು ಅಂದ್ರೆ ಇನ್ಯಾತಕ್ಕೆ ಡಾಕ್ಟ್ರೇ?”

“ಕೊಟ್ಟು ನೋಡೋಣ. ಆಗ್ಲಿಲ್ಲ ಅಂದ್ರೂ ಮೂರು ನಾಲ್ಕು ತಿಂಗಳು ತುಂಬೋ ಹೊತ್ತಿಗೆ ತಾನಾಗೇ ಹೋಗತ್ತೆ ಇದು. ಫ್ರಿಜ್ಜಲ್ಲಿ ಇಡಿ. ಬಿಸಿ ಮಾತ್ರ ತಗಲಿಸ್ಬೇಡಿ, ಸತ್ತುಹೋಗತ್ತೆ.” ಆಮೇಲೆ ಸೊಸೆಯ ಮಣಿಕಟ್ಟು ನೋಡಿ, “ಇವಳಿಗೆ ಊಟ ಏನು?” ಅಂದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಮೊದ್ಲು ಇವಳಿಗೆ ಸಾಪಾಟು ಹಾಕಿ ಅಮ್ಮಾ. ಔಷಧಿ ಆಮೇಲೆ.”

ಬಾಟಲಿ ತಂದು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟೆ. ಅಕ್ಕ ಅಷ್ಟರಲ್ಲೇ ಬಂದಿದ್ದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಎಳೆ ಮಗುವಿಗೆ ಔಷಧಿ ಹಾಕುವುದು ಕೈಗುಣ ಇದ್ದವರು, ಅಂದರೆ ಅಕ್ಕ. ಬಜೆ ತೇಯ್ದು ನೆಕ್ಕಿಸಿದರೂ ಅವಳ ಕೈಯೇ, ಸೂಜಿ ಹಾಕಿಸಿ ಬಂದ ಮೇಲೆ ಜ್ವರದ ಔಷಧಿ ಕುಡಿಸಿದರೂ ಅವಳ ಕೈಯೇ. ನನ್ನ ಕೈ ಒಳ್ಳೆಯದಲ್ಲ ಅಂತ ನಲವತ್ತು ವರ್ಷದ ಹಿಂದೆ ತೀರ್ಮಾನ ಆಗಿದೆ, ನಾನು ನೆಟ್ಟ ಕರಿಬೇವು ಒಣಗಿತು ಅನ್ನುವ ಒಂದೇ ಕಾರಣಕ್ಕೆ. ಅದಕ್ಕೆ ಅಕ್ಕನ ಮೇಕೆ ಬಾಯಿ ಹಾಕಿತ್ತು ಅನ್ನುವುದನ್ನು ಯಾರೂ ಪರಿಗಣಿಸಲಿಲ್ಲ.

“ಬಾಟ್ಲಿ ಇತ್ಲಾಗ್ ಕೊಡು,” ಅಂದಳು ಅಕ್ಕ. “ಈ ಮಗೂಗಾದ್ರೂ ನಿನ್ ಕೈ ಸೋಕ್ದೆ ಇರ್ಲಿ.”

“ಬಿಸಿ ಮಾಡ್ಬಾರ್ದಂತೆ ಅಕ್ಕ.”

“ನಾನೇನ್ ಮಕ್ಳನ್ನ ಕಾಣ್ದವಳಾ? ನೀನು ಹೋಗಿ ಬಚ್ಚಲೊಲೆ ಉರಿ ನೋಡು.”

ಮಗನೂ ತಲೆಯಾಡಿಸಿ, “ದೊಡ್ಡಮ್ಮನೇ ಹಾಕ್ಲಿ ಬಿಡಮ್ಮ,” ಅಂದ. ಅವನ ಅಪ್ಪನೂ ಹಾಗೆಯೇ ಇದ್ದರು. ಹೆಂಡತಿಯ ಎದುರು ಹುಲಿ, ಅತ್ತಿಗೆಯ ಎದುರು ಬೆಕ್ಕು.

ದಿನಾ ಬೆಳಿಗ್ಗೆ ಹೀಗೆ ನಡೆಯುತ್ತಿತ್ತು. ಮೊದಲು ಮಗುವಿನ ಸ್ನಾನ. ಮೈ ಒರೆಸಿ ಅಕ್ಕನ ಕೈಗೆ ಕೊಟ್ಟು ನಾನು ಸೊಸೆಗೆ ನೀರು ಹಾಕಲು ಬಚ್ಚಲಿಗೆ ಹೋಗುತ್ತಿದ್ದೆ. ಅಕ್ಕ ಕೋಣೆಯಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮಗುವಿನ ತಲೆಗೂದಲಿಗೆ ಹೊಗೆ ಹಿಡಿಸಿ, ಬೆಳ್ಳಿಯ ಒಳಲೆಯಲ್ಲಿ ಡ್ರಾಪ್ಸ್ ಹಾಕಿ ಬಾಯಿಗೆ ಬಿಡುತ್ತಿದ್ದಳು. ನಾವು ಬರುವ ಹೊತ್ತಿಗೆ ಮಗು ನಿದ್ದೆ, ಒಳಲೆ ತೊಳೆದು ಮಗುಚಿ ಇಟ್ಟಿರುತ್ತಿತ್ತು.

ಸಂಜೆಯ ಅಳು ಒಂದಿಷ್ಟೂ ಕಡಿಮೆಯಾಗಲಿಲ್ಲ. ವಾರಗಳು ಕಳೆದವು. ಬಾಟಲಿ ತಳ ಕಂಡಿತು. ನಾನು ಸೊಸೆಯ ತಟ್ಟೆಗೆ ಬೇಳೆ, ಸೊಪ್ಪು ಬಡಿಸುತ್ತಿದ್ದೆ. ಅವಳೇ ಬೇಡವೆಂದು ಪಕ್ಕಕ್ಕೆ ಸರಿಸುತ್ತಿದ್ದಳು. ಅಷ್ಟು ಹೆದರಿಸಿ ಇಟ್ಟಿದ್ದರು.

ಒಂದು ಶನಿವಾರ ಮಗ ಊಟಕ್ಕೆ ಕೂತವನು ಶೆಲ್ಫಿನ ಕಡೆ ನೋಡಿ ಹೇಳಿದ, “ಡಾಕ್ಟ್ರು ಔಷಧಿನೂ ಆಯ್ತಲ್ಲಮ್ಮ. ಔಷಧಿ ಹಾಕಿದ್ರೂ ಅಳು ನಿಲ್ಲಲ್ಲ ಅಂದ್ರೆ ಹಾಲಲ್ಲೇ ಏನೋ ಇದೆ ತಾನೇ. ಸೋಮವಾರದಿಂದ ಡಬ್ಬಿಗೆ ಹಾಕೋಣ.”

ಸೊಸೆ ಕೋಣೆಯಿಂದಲೇ, “ಹಾಕ್ರಿ,” ಅಂದಳು. ಅಳಲಿಲ್ಲ. ಅಷ್ಟೇ ಅಂದಳು. ಅತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆಯನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಒಂದು ತಂಬಿಗೆ ನೀರು ಹುಯ್ದಿದ್ದೆ. ತಲೆಗೆ ಸುತ್ತುವ ಬಟ್ಟೆ ಮರೆತಿದ್ದು ನೆನಪಾಯಿತು. ತರಲು ಕೋಣೆಗೆ ಹೋದೆ. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮಗು ಮಡಿಲಲ್ಲಿತ್ತು. ಬಲಗೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಬೆಳ್ಳಿಯ ಒಳಲೆ, ಒಳಲೆಯ ಕೆಳಗೆ ಕೆಂಡ. ಡ್ರಾಪ್ಸ್ ಒಳಲೆಯ ತಳದಲ್ಲಿ ಗುಳ್ಳೆ ಗುಳ್ಳೆಯಾಗಿ ಚಿಟಗುಡುತ್ತಿತ್ತು.

“ಏನ್ ಮಾಡ್ತಿದೀರಾ ನೀವು?” ಅಂದೆ.

ನೀವು ಅಂದದ್ದು ಕೇಳಿ ಅವಳ ಬೆನ್ನು ನೆಟ್ಟಗಾಯಿತು. “ಫ್ರಿಜ್ಜಿಂದ ತೆಗ್ದು ಐಸ್‌ನಂಗೆ ಹಾಕ್ಲಾ ಮಗೂಗೆ? ಬಾಣಂತಿ ಕೋಣೇಲಿ ತಣ್ಣಗಿರೋದು ಯಾವ್ದಾದ್ರೂ ಕೊಟ್ಟಿದೀವಾ? ಒಂಚೂರು ಬೆಚ್ಚಗ್ ಮಾಡಿ, ಆರ್ಸಿ, ಆಮೇಲೆ ಬಿಡ್ತೀನಿ. ನೆಗಡಿ ಆದ್ರೆ ನಿಮ್ ಡಾಕ್ಟ್ರಮ್ಮ ಬರ್ತಾಳಾ?”

“ಮೊದಲ್ನೇ ದಿನದಿಂದಾನೂ ಹಿಂಗೇನಾ?”

“ಮತ್ತಿನ್ನೆಂಗೆ?”

ನನಗೆ ಡಾಕ್ಟರಮ್ಮನ ಔಷಧಿಯ ಇಂಗ್ಲಿಷಿನ ಹೆಸರು ನೆನಪಾಗಲಿಲ್ಲ. ಆದರೆ ಈ ಅಕ್ಕನ ಮೊಸರು ನಮ್ಮ ಬೀದಿಗೇ ಹೆಸರುವಾಸಿ. ಹೆಪ್ಪು ಹಾಕುವ ಮುಂಚೆ ಕಿರುಬೆರಳು ಹಾಲಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಕಾವು ನೋಡುತ್ತಾಳೆ. ತುಸು ಹೆಚ್ಚಾಗಿದೆ ಅಂದರೆ ಪಾತ್ರೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಮನೆಗೆ ಬಂದ ಸೊಸೆಯರಿಗೆಲ್ಲ ಮೊದಲು ಅದನ್ನೇ ಪಾಠ ಮಾಡಿದವಳು.

“ಅಕ್ಕಾವ್ರೇ,” ಅಂದೆ, “ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀರಾ ನೀವು?”

“ಹುಚ್ಚಿ ಕಣೇ ನೀನು. ಹೆಪ್ಪು ಸತ್ತೋಗಲ್ವಾ?”

“ಒಳಲೇಲಿ ಇರೋದು ಹೆಪ್ಪೇ. ಮಗೂ ಹೊಟ್ಟೇಗೆ ಹಾಕೋ ಹೆಪ್ಪು. ಇಷ್ಟು ದಿನ ಸುಟ್ಟು ಸುಟ್ಟು ಕುಡ್ಸಿ, ಕೆಲ್ಸ ಮಾಡ್ಲಿಲ್ಲ ಅಂತ ಆ ಹುಡ್ಗಿ ಹಾಲಿಗೆ ಹೆಸ್ರಿಟ್ರಲ್ಲ ನೀವು.”

ಅಕ್ಕ ಒಳಲೆಯನ್ನು ನೋಡಿದಳು. ಇಕ್ಕಳ ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ. “ಯಾರಿಗ್ ಗೊತ್ತಿತ್ತು,” ಅಂದು ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ, ಅಂಗಳ ದಾಟಿ ತನ್ನ ಬಾಗಿಲು ಹಾಕಿಕೊಂಡಳು. ನಾನು ಹೇಳಿದ್ದೆ, ಡಾಕ್ಟರಮ್ಮ ಹೇಳಿದ್ದರು, ಮತ್ತೆ ಯಾರಿಗೆ ಗೊತ್ತಿತ್ತು ಅಂದರೆ ಏನು ಹೇಳುವುದು. ಬಚ್ಚಲಿನಿಂದ ಸೊಸೆ, “ಅತ್ತಿ, ಥಂಡಿ ಆಗಾಕತ್ತೈತ್ರಿ,” ಅಂತ ಕೂಗಿದಳು. ಪಾಪ, ಒಂದು ತಂಬಿಗೆ ನೀರು ಹುಯ್ಯಿಸಿಕೊಂಡು ಕೂತೇ ಇದ್ದಳು.

ಮಗನನ್ನು ಹಾಸಿಗೆಯಿಂದ ಎಬ್ಬಿಸಿ ಹೇಳಿದೆ. ಡಬ್ಬಿ ಮುಟ್ಟಿದರೆ ಕೈ ಮುರಿಯುತ್ತೇನೆ ಅಂತಲೂ ಹೇಳಿದೆ. ಅವನು ಕಣ್ಣುಜ್ಜಿಕೊಂಡು ಹೋಗಿ ಹೊಸ ಬಾಟಲಿ ತಂದ. ಅಂದಿನಿಂದ ಡ್ರಾಪ್ಸ್ ಹಾಕಿದ್ದು ನಾನು, ಕರಿಬೇವು ಒಣಗಿಸಿದ ಈ ಕೈಯಿಂದಲೇ. ಸಾಂಬ್ರಾಣಿ ಹೊಗೆಯನ್ನೂ ನಿಲ್ಲಿಸಿದೆ. ಆಮೇಲೆ ಸ್ವಾಮಿ ವಿವೇಕಾನಂದ ರಸ್ತೆಯ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಅಲ್ಲಿ ಸಂತೆಯ ಹಿಂದಿನ ಗಲ್ಲಿಗಳಲ್ಲಿ ಸೊಸೆಯ ಕಡೆಯ ಜನ ತುಂಬ ಇದ್ದಾರೆ. ಜೋಳದ ಹಿಟ್ಟು, ಪುಂಡಿ ಸೊಪ್ಪು, ಶೇಂಗಾ ಚಟ್ನಿಪುಡಿ ಹೊತ್ತು ತಂದೆ. ರೊಟ್ಟಿ ಬಡಿಯುವುದು ನನಗೆ ಬರುವುದಿಲ್ಲ, ಅದು ಕೈಯಲ್ಲೇ ಹರಿಯುತ್ತದೆ. ನನ್ನ ರೊಟ್ಟಿಯ ಅವತಾರ ನೋಡಿ ಸೊಸೆ ಎದ್ದು ಬಂದು, “ಸರೀರಿ ಅತ್ತಿ, ಇದು ರೊಟ್ಟಿ ಅಲ್ರಿ, ಭೂಪಟ,” ಅಂತ ತಾನೇ ಬಡಿದಳು. ಸಾರನ್ನು ತಟ್ಟೆಯ ಅಂಚಿಗೆ ಸರಿಸಿ ರೊಟ್ಟಿ ಮುರಿದು ತಿಂದಳು. ಆ ಸಂಜೆಯೂ ಮಗು ಅತ್ತಿತು. ಆದರೆ ರೊಟ್ಟಿಯನ್ನು ಯಾರೂ ತೆಗೆಯಲಿಲ್ಲ, ನಾನು ಬಾಗಿಲಲ್ಲೇ ಕೂತಿದ್ದೆ.

ಅಳು ಒಮ್ಮೆಗೇ ನಿಲ್ಲಲಿಲ್ಲ. ಕೆಲವು ಸಂಜೆ ಮೊದಲಿನಷ್ಟೇ, ಕೆಲವು ಸಂಜೆ ಸ್ವಲ್ಪ ಅತ್ತು ಮೊಲೆಗೆ ಬಾಯಿ ಹಾಕುತ್ತಿದ್ದಳು. ಬರಬರುತ್ತ ದೀಪ ಹಚ್ಚಿದ್ದು, ಹಾರನ್ನು ಜೋರಾದದ್ದು ಅವಳ ಗಮನಕ್ಕೇ ಬರದ ಹಾಗಾಯಿತು. ಅಷ್ಟರಲ್ಲಿ ಮಗುವಿಗೆ ಮೂರು ತಿಂಗಳು ಕಳೆದಿತ್ತು. ತೂಕ ಹಾಕಿಸಲು ಹೋದಾಗ ಡಾಕ್ಟರಮ್ಮನಿಗೆ ಕೆಂಡದ ಕಥೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

“ಹಾಗಾದ್ರೆ ಈಗ ನಿಂತಿದ್ದು ಡ್ರಾಪ್ಸಿಂದಾನೇ ತಾನೇ?” ಅಂದೆ, ಅವರ ಬಾಯಿಂದ ಕೇಳುವ ಆಸೆಗೆ.

“ಇರ್ಬಹುದು. ವಯಸ್ಸಿಂದಾನೂ ಇರ್ಬಹುದು. ಗೊತ್ತಿಲ್ಲ ಅಮ್ಮಾ.”

ಗೊತ್ತಿಲ್ಲ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ನಾನು ಕೇಳಿದ್ದಿಲ್ಲ. ಮನೆಗೆ ಬಂದರೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಹಲಸೂರಿನ ದೇವರಿಗೆ ತಾನು ಹೊತ್ತ ಹರಕೆಯಿಂದ ಅಂತ ಅಕ್ಕ ಬೀದಿಗೆಲ್ಲ ಹೇಳಿದ್ದಳು. ತಾನು ತಂದ ಎರಡನೆಯ ಬಾಟಲಿಯಿಂದ ಅಂತ ಮಗ ಅಂಗಡಿಯಲ್ಲಿ ಹೇಳಿದ್ದನಂತೆ. ಅಳು ನಿಂತದ್ದಕ್ಕೆ ಇಷ್ಟು ಜನ ವಾರಸುದಾರರು. ಅಳು ಇದ್ದಾಗ ಅದಕ್ಕೆ ಒಬ್ಬಳೇ ಕಾರಣ, ಆ ಕೋಣೆಯಲ್ಲಿ ಕೂತ ಹುಡುಗಿ. ಅವಳಿಗೆ ಅಂದ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ನನ್ನ ಕೋಪ ಅಲ್ಲೇ ನಿಂತಿದೆ, ಅಲ್ಲಾಡುವುದಿಲ್ಲ.

ಅಕ್ಕ ಒಂದು ಸಂಜೆ ಮೊಸರಿನ ಗಡಿಗೆ ಹಿಡಿದು ಬಂದಳು. ಅವಳ ಲೆಕ್ಕದಲ್ಲಿ ಅದು ರಾಜಿ. ತೊಟ್ಟಿಲಿಗೆ ಬಗ್ಗಿ ಮಗುವಿನ ಗಲ್ಲ ಮುಟ್ಟಿ, “ನೋಡ್ದೇನೇ, ಈಗ ಹಾಲು ಸರಿಹೋಯ್ತು,” ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮಾತಾಡಿದಳು. ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ಹಾಲು ಅದ ಐತ್ರಿ ದೊಡ್ಡತ್ತಿ. ಮದಲ ಹೆಂಗಿತ್ತೋ ಹಂಗ ಐತಿ.”

ಅಕ್ಕ ಮೊಸರಿಟ್ಟು ಹೋದಳು. ಮೊಸರು ಚೆನ್ನಾಗಿತ್ತು, ಅದೂ ಒಂದು ಸಿಟ್ಟು ನನಗೆ.

ಉಳಿದವನು ಮಗ. ಡಬ್ಬಿ ಶೆಲ್ಫಿನ ಮೇಲೆ ಹಾಗೇ ಇತ್ತು. ಒಂದು ದಿನ ಅದನ್ನು ಕೈಗೆತ್ತಿಕೊಂಡು, “ಇದನ್ನ ಯಾರಿಗಾದ್ರೂ ಕೊಟ್ಬಿಡ್ಲಾ ಅಮ್ಮ?” ಅಂದ, ಏನೂ ಆಗೇ ಇಲ್ಲ ಅನ್ನುವವನ ಹಾಗೆ. ನಾನು ಅದನ್ನು ಕಿತ್ತುಕೊಂಡು, ಚಮಚದ ಹಿಡಿಯಿಂದ ಮುಚ್ಚಳ ಮೀಟಿದೆ. ಬಿಸಿನೀರಿಗೆ ಪುಡಿ ಕಲಸಿ, ಅವನು ದಿನಾ ಕಾಫಿ ಕುಡಿಯುವ ಸ್ಟೀಲ್ ಲೋಟಕ್ಕೆ ಹುಯ್ದು ಮುಂದಿಟ್ಟೆ.

“ಇದೇನಮ್ಮ?”

“ಒಳ್ಳೇ ಹಾಲಪ್ಪ. ನೀನೇ ಆರ್ಸಿ ತಂದಿದ್ದು. ಕುಡಿ.”

“ಕಾಫಿ ಇಲ್ವಾ?”

“ಕಾಫಿ ಉಷ್ಣ.”

ಕುಡಿದ. ಮಾರನೆಯ ದಿನವೂ ಅದೇ ಲೋಟ, ಅದೇ ಹಾಲು. ಅಂಗಡಿಯಿಂದ ಬರುವಾಗ ಹೊರಗೇ ಕಾಫಿ ಕುಡಿದು ಬಂದರೂ ಬಿಡಲಿಲ್ಲ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ಡಬ್ಬಿ ಅರ್ಧವಾಗುತ್ತಿದ್ದ ಹಾಗೆ ಒಂದು ಸಂಜೆ ಅವನು ಲೋಟ ಎತ್ತಿ ನನ್ನ ಕಡೆ ನೋಡಿದ. “ಎಲ್ಲೀವರೆಗೆ ಅಮ್ಮ?” ಅಂದ.

“ನನ್ನನ್ನ ಯಾಕೆ ಕೇಳ್ತೀಯಾ? ಹಾಲು ಯಾರ್ದು ಕೆಟ್ಟಿದೆ ಅಂದಿದ್ದೆಯೋ ಅವ್ಳನ್ನ ಕೇಳು.”

ಲೋಟ ಕೆಳಗಿಟ್ಟು ಎದ್ದು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ನಾನು ಬಾಗಿಲಿಗೆ ಕಿವಿ ಇಟ್ಟೆ, ಸುಳ್ಳು ಯಾಕೆ. ಫ್ಯಾನಿನ ಸದ್ದಿಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸೊಸೆ ಹೊರಗೆ ಬಂದಳು. ಲೋಟದ ಹಾಲನ್ನು ಸಿಂಕಿಗೆ ಚೆಲ್ಲಿ, ಲೋಟ ತಿಕ್ಕಿ ತೊಳೆದು, ಒಲೆಯ ಮೇಲೆ ಡಿಕಾಕ್ಷನ್ನಿಗೆ ನೀರಿಟ್ಟಳು.

“ನಿಮಗೂ ಹಾಕ್ಲೇನ್ರಿ ಅತ್ತಿ?” ಅಂದಳು.

ಹಾಕು ಅಂದೆ. ನನ್ನ ಕೋಪಕ್ಕೂ ಒಂದು ಲೋಟ ಬೇಕಿತ್ತು.